ಹೆಸರು ಹೇಳದೆ ಹೋದ ಅಕ್ಕನಿಗೆ

ಮುಂಬೈ ಬಳಿಯ ಡೊಂಬಿವಲಿಯ ಲಿಫ್ಟಿಲ್ಲದ ಕಟ್ಟಡಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ನಮಗೆಲ್ಲ, ಮಲಗಿದಲ್ಲೇ ಮೈ ಹುಣ್ಣಾಗದಂತೆ ಹಾಸುವ, ಪಂಪಿನಿಂದ ಗಾಳಿ ತುಂಬುವ ಏರ್‌ಬೆಡ್ ಬಳಸುವ ಬಗೆ ತೋರಿಸಿಕೊಟ್ಟ ಅಕ್ಕಾ, ನಿಮಗೆ ಧನ್ಯವಾದ. ಪಂಪ್ ಗುಂಯ್ ಅಂದರೆ ಸಾಲದು. ಸೊಂಟದ ನೇರಕ್ಕೆ ಏರ್‌ಬೆಡ್ಡಿನಡಿ ಅಂಗೈ ತೂರಿಸಿ ನೋಡಬೇಕು, ಮೂಳೆ ತಗುಲಿದರೆ ಗಾಳಿ ಕಡಿಮೆ ಎಂದೇ ಲೆಕ್ಕ. ಮೇಲೆ ಕಂಬಳಿ, ರಬ್ಬರ್ ಶೀಟ್ ಪೇರಿಸಿದರೆ ಬೆಡ್ ತಂದದ್ದೇ ದಂಡ. ತೆಳು ಬೆಡ್‌ಶೀಟ್ ಒಂದೇ ಸಾಕು, ಅದೂ ಬಿಗಿದು ಎಳೆಯದೆ. ಆದರೂ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪದು: ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಬೇಕು. ಹಿಮ್ಮಡಿ ತಾಗದಂತೆ ಮೀನಖಂಡದಡಿ ಇನ್ನೊಂದು ದಿಂಬು. ಕೆಂಪಾದ ಜಾಗವನ್ನು ತಿಕ್ಕಲೇಬಾರದು; ಬೆರಳೊತ್ತಿದರೂ ಕೆಂಪು ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ.

70 ವರ್ಷ ತುಂಬಿದವರ ಆಯುಷ್ಮಾನ್ ಕಾರ್ಡ್ ಆಸ್ಪತ್ರೆ ಸೇರಿದರಷ್ಟೇ ನೆರವಿಗೆ. ಮನೆಗೆ ಬರುವ ನರ್ಸ್ ಖರ್ಚು ಕೈಯಿಂದಲೇ. ನೀವೋ, ಆರೈಕೆಗೆ ಬರುವ ಮಾವಶಿಯರಿಗೆ ಮರಾಠಿಯಲ್ಲಿ, ಮನೆಯವರಿಗೆ ಕನ್ನಡದಲ್ಲಿ ಬೇಸರಿಸದೆ ಹೇಳಿಕೊಟ್ಟಿರಿ.