ಗಮ್ಮಿಗೆ ನಕ್ಷತ್ರ ಕೊಡುವ ಮುಂಚೆ ಬಾಟ್ಲಿ ತಿರುಗಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ದೊಡ್ಡವರು ತಿನ್ನುವ ಮಲ್ಟಿವಿಟಮಿನ್ ಗಮ್ಮಿಗಳನ್ನು (ಮಿಠಾಯಿ ಹಾಗೆ ಅಗಿದು ತಿನ್ನುವ ವಿಟಮಿನ್) ಹೋಲಿಸಿ ನಕ್ಷತ್ರ ಕೊಟ್ಟಿದ್ದನ್ನು ಓದಿದೆ. ರುಚಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಅಗಿಯೋಕೆ ಹೇಗಿದೆ ಅನ್ನೋದಕ್ಕೆ ಇಷ್ಟು. ಒಳಗೆ ಏನಿದೆ ಅನ್ನೋದಕ್ಕೆ ಮಾತ್ರ ಒಂದು ನಕ್ಷತ್ರವೂ ಇಲ್ಲ! ಮಿಠಾಯಿಗಾದರೆ ಇದು ಸಾಕು. ವಿಟಮಿನ್‌ಗೆ ಸಾಲದು. ಸುಮ್ನೆ ತಗಾದೆ ತೆಗೆಯುತ್ತಿಲ್ಲ, ಪೆಟ್ಟು ತಿಂದವಳಾಗಿ ಹೇಳುತ್ತಿದ್ದೇನೆ.

ಎಂಟು ತಿಂಗಳು ದಿನಕ್ಕೆ ಎರಡರಂತೆ ತಪ್ಪದೆ ತಿಂದೆ. ಮಾತ್ರೆ ನುಂಗುವುದು ನನಗೆ ಚಿಕ್ಕಂದಿನಿಂದ ಆಗಿಬರುವುದಿಲ್ಲ, ಗಂಟಲಲ್ಲೇ ನಿಂತುಬಿಡುತ್ತದೆ, ಹಾಗಾಗಿ ಗಮ್ಮಿ ಸಿಕ್ಕಾಗ ಬಚಾವಾದೆ ಅಂದುಕೊಂಡಿದ್ದೆ. ಆಮೇಲಾಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ, ಕಬ್ಬಿಣದ ಅಂಶವೂ ತಳ ಕಂಡಿತ್ತು. "ಮಲ್ಟಿವಿಟಮಿನ್ ತಗೊಳ್ತಾನೇ ಇದ್ದೀನಲ್ಲ ಡಾಕ್ಟ್ರೇ" ಅಂದೆ. "ನಾಳೆ ಆ ಬಾಟ್ಲಿ ತನ್ನಿ" ಅಂದರು. ಒಯ್ದು ಕೊಟ್ಟರೆ ತಿರುಗಿ ನನ್ನ ಕೈಗೇ ಇಟ್ಟು, "ಇದರಲ್ಲಿ ಐರನ್ ಎಲ್ಲಿದೆ, ನೀವೇ ಹುಡುಕಿ ಅಮ್ಮ" ಅಂದರು. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಕ್ಕೆ ಎರಡು ಸಲ ಓದಿದೆ. ಇರಲೇ ಇಲ್ಲ.

ಬಹಳಷ್ಟು ಗಮ್ಮಿಗಳಲ್ಲಿ ಕಬ್ಬಿಣ ಇರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಕಬ್ಬಿಣ ಬೆರೆಸಿದರೆ ನಾಲಿಗೆಗೆ ತುಕ್ಕು ನೆಕ್ಕಿದ ಹಾಗಾಗುತ್ತದೆ, ರುಚಿ ಕೆಟ್ಟರೆ ಯಾರು ಕೊಳ್ಳುತ್ತಾರೆ? ಇನ್ನೊಂದು ಕಾರಣ ನ್ಯಾಯವಾದದ್ದೇ. ಮಕ್ಕಳು ಮಿಠಾಯಿ ಅಂದುಕೊಂಡು ಮುಷ್ಟಿಗಟ್ಟಲೆ ತಿಂದರೆ ಕಬ್ಬಿಣ ಪ್ರಾಣಕ್ಕೇ ಕುತ್ತು ತರಬಹುದು. ಗಂಡಸರಿಗೆ, ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಹೆಚ್ಚಿನ ಕಬ್ಬಿಣ ಬೇಕಾಗುವುದೂ ಇಲ್ಲ. ಹಾಗಾಗಿ ಅದು ಇಲ್ಲದಿರುವುದೇ ತಪ್ಪು ಅನ್ನುತ್ತಿಲ್ಲ. ಬಾಟ್ಲಿಯ ಮುಂದೆ ದಪ್ಪ ಅಕ್ಷರದಲ್ಲಿ 'ಸಂಪೂರ್ಣ' ಅಂತ ಬರೆದು, ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಬೇರೆಯೇ ಕಥೆ ಹೇಳುವುದಿದೆಯಲ್ಲ, ಅದಕ್ಕೆ ನನ್ನ ತಕರಾರು.

ಕ್ಯಾಲ್ಸಿಯಂ ಲೆಕ್ಕ ನೋಡಿ. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ನೂರಕ್ಕೆ 40 ಭಾಗ ಮಾತ್ರ ಕ್ಯಾಲ್ಸಿಯಂ, ಅಂದರೆ ಅಷ್ಟು ಸಿಗಬೇಕಾದರೆ ಎರಡೂವರೆ ಗ್ರಾಂ ಪುಡಿ ತುಂಬಬೇಕು. ಒಂದು ಗಮ್ಮಿಯ ತೂಕವೇ ಎರಡು ಮೂರು ಗ್ರಾಂ, ಅದರಲ್ಲೂ ಮುಕ್ಕಾಲು ಪಾಲು ಸಕ್ಕರೆ, ಗ್ಲೂಕೋಸ್ ಪಾಕ, ಜೆಲಾಟಿನ್, ನೀರು. ಜಾಗ ಎಲ್ಲಿದೆ? ಮೆಗ್ನೀಸಿಯಂ ಪಾಡೂ ಇದೇ. ಹಾಗಾಗಿ ಮಲ್ಟಿವಿಟಮಿನ್ ಗಮ್ಮಿಯಿಂದ ಮೂಳೆ ಗಟ್ಟಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಎಷ್ಟು ಮಿಲಿಗ್ರಾಂ ಅಂತ ಕೇಳಿ. ಮತ್ತೆ, ಆ ಅಂಕಿ ಒಂದು ಗಮ್ಮಿಯದೋ ಮೂರರದೋ ನೋಡಿ. 'ಒಂದು ಸರ್ವಿಂಗ್' ಅಂದರೆ ಎರಡು ಅಂತ ನನಗೆ ತಿಳಿದಿತ್ತು, ಕೆಲವು ಬಾಟ್ಲಿಗಳಲ್ಲಿ ಅದು ಮೂರೋ ನಾಲ್ಕೋ ಆಗಿರುತ್ತದೆ.

ಸಕ್ಕರೆ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಎಳೆಯುವುದಿಲ್ಲ. ನನ್ನ ಬಾಟ್ಲಿಯಲ್ಲಿ ಎರಡಕ್ಕೆ 3 ಗ್ರಾಂ ಇತ್ತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದಕ್ಕೆ ಹೋಲಿಸಿದರೆ ಅದೇನು ಮಹಾ ಅಲ್ಲ, ಆದರೂ ವರ್ಷಕ್ಕೆ ಒಂದು ಕಿಲೋ ದಾಟುತ್ತದೆ. ಅದು ಹಲ್ಲಿಗೆ ಅಂಟಿಕೊಂಡು ಕೂರುವುದೇ ನನಗೆ ಹೆಚ್ಚಿನ ತಲೆನೋವು. ಸಕ್ಕರೆ ಇಲ್ಲದ್ದು ಅಂತ ಮಾಲ್ಟಿಟಾಲ್ ಅನ್ನೋ ಬದಲಿ ಸಿಹಿ ಹಾಕಿದ್ದನ್ನು ತಂದರೆ ಹೊಟ್ಟೆ ಗುಡುಗುಡು. ಸಸ್ಯಾಹಾರಿಗಳು ಇನ್ನೊಂದನ್ನೂ ನೋಡಿಕೊಳ್ಳಬೇಕು: ಗಮ್ಮಿ ಗಟ್ಟಿಯಾಗಲಿ ಅಂತ ಹಾಕುವುದರಲ್ಲಿ ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ, ಪೆಕ್ಟಿನ್ ಹಣ್ಣಿನಿಂದ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಚೀಟಿಯಲ್ಲಿ ಬರೆದಷ್ಟು ಒಳಗಿದೆಯಾ? ಮಾತ್ರೆ ಒಣ ಪುಡಿಯನ್ನು ಒತ್ತಿ ಮಾಡಿದ್ದು. ಗಮ್ಮಿಗೆ ಬಿಸಿ ಪಾಕದಲ್ಲಿ ವಿಟಮಿನ್ ಕಲಸಿ ಅಚ್ಚಿಗೆ ಹೊಯ್ಯುತ್ತಾರೆ, ಆರಿದ ಮೇಲೂ ಅದರಲ್ಲಿ ನೀರಿನ ಪಸೆ ಇರುತ್ತದೆ. ವಿಟಮಿನ್ ಸಿ, ಬಿ1, ಫೋಲಿಕ್ ಆಸಿಡ್ ಇವಕ್ಕೆಲ್ಲ ಬಿಸಿಯೂ ಆಗದು, ಪಸೆಯೂ ಆಗದು. ಕಡೇ ದಿನಾಂಕದವರೆಗೆ ಬಾಳಲಿ ಅಂತ ತಯಾರಿಸುವಾಗಲೇ ಒಂದಿಷ್ಟು ಹೆಚ್ಚಿಗೆ ಸುರಿಯುತ್ತಾರೆ. ಅಲ್ಲಿಗೆ ಹೊಸ ಬಾಟ್ಲಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ, ಹಳೇದರಲ್ಲಿ ಕಮ್ಮಿಯೂ ಆಗಿರಬಹುದು. ನನ್ನ ಬಾಟ್ಲಿ ಒಲೆ ಪಕ್ಕದ ಕಪಾಟಿನಲ್ಲಿತ್ತು. ತಳದಲ್ಲಿ ಏಳೆಂಟು ಗಮ್ಮಿ ಕರಗಿ, ಒಂದೇ ಉಂಡೆಯಾಗಿ, ಚಮಚದಲ್ಲಿ ಮೀಟಿದರೂ ಏಳಲಿಲ್ಲ. ಅದರಲ್ಲಿ ಒಂದು ದಿನದ ಪಾಲು ಎಷ್ಟು ಅಂತ ದೇವರೇ ಹೇಳಬೇಕು.

ಇದು ಬರೀ ಅನುಮಾನ ಅಲ್ಲ. ನಿದ್ದೆಗೆ ಅಂತ ತಿನ್ನುವ ಮೆಲಟೋನಿನ್ ಗಮ್ಮಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2023ರಲ್ಲಿ 'ಜಾಮಾ' ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 25 ಬಗೆಯಲ್ಲಿ 22ರ ಚೀಟಿ ಸುಳ್ಳು. ಮೆಲಟೋನಿನ್ ಇದ್ದವುಗಳಲ್ಲಿ ಬರೆದದ್ದರ ಶೇಕಡಾ 74ರಿಂದ 347ರವರೆಗೆ ಇತ್ತು, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಅದು ಮಲ್ಟಿವಿಟಮಿನ್ ಅಲ್ಲ, ಒಪ್ಪಿದೆ. ಆದರೆ ಅಲ್ಲಿ ಎಡವಟ್ಟಾದದ್ದು ಇಲ್ಲಿ ಆಗಲ್ಲ ಅಂತ ನಂಬುವುದು ಹೇಗೆ?

ಅದಕ್ಕೇ ಹೊರಗಿನವರು ಪರೀಕ್ಷೆ ಮಾಡಿ ಒತ್ತಿದ ಮುದ್ರೆ ಇದೆಯಾ ಅಂತ ನೋಡಬೇಕು. ಅಮೆರಿಕದ ಯುಎಸ್‌ಪಿ, ಎನ್‌ಎಸ್‌ಎಫ್ ಅಂಥ ಗುಣಮಟ್ಟ ಪರೀಕ್ಷಿಸುವ ಸಂಸ್ಥೆಗಳದು ಇದ್ದರೆ, ಬರೆದಷ್ಟು ಒಳಗಿದೆಯಾ, ಸೀಸದಂಥ ವಿಷ ಬೆರೆತಿಲ್ಲವಾ ಅಂತ ಯಾರೋ ಅಳೆದಿದ್ದಾರೆ ಅಂತಾದರೂ ಆಯಿತು. 'ಲ್ಯಾಬ್‌ನಲ್ಲಿ ಪರೀಕ್ಷಿಸಿದೆ' ಅಂತ ಬರೀ ಬಾಯಿಮಾತಿದ್ದರೆ ಯಾರ ಲ್ಯಾಬು, ಯಾವ ಬ್ಯಾಚು? ನಾನೊಮ್ಮೆ ಬ್ಯಾಚ್ ನಂಬರ್ ಬರೆದು ವರದಿ ಕೊಡಿ ಅಂತ ಒಂದು ಕಂಪನಿಗೆ ಇಮೇಲ್ ಮಾಡಿದ್ದೆ. ನಿಮ್ಮ ಪ್ರೀತಿಗೆ ಧನ್ಯವಾದ ಅಂತ ಉತ್ತರ ಬಂತು, ಜೊತೆಗೆ ಒಂದು ಡಿಸ್ಕೌಂಟ್ ಕೂಪನ್.

ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಂಡವರೂ ಇದ್ದಾರೆ, ನಮ್ಮನೆಯವರೇ ಒಬ್ಬರು. ಟಿವಿ ನೋಡುತ್ತಾ ಏಳು ಗಮ್ಮಿ ಖಾಲಿ ಮಾಡಿದ್ದರು. ವಿಟಮಿನ್ ಎ, ಅಂದರೆ ರೆಟಿನಾಲ್ ರೂಪದ್ದು, ದಿನಕ್ಕೆ 3000 ಮೈಕ್ರೋಗ್ರಾಂ ದಾಟಬಾರದು, ವಿಟಮಿನ್ ಡಿ 100 ಮೈಕ್ರೋಗ್ರಾಂ, ಹಳೇ ಲೆಕ್ಕದಲ್ಲಿ 4000 ಐಯು (ಅಂತರರಾಷ್ಟ್ರೀಯ ಯೂನಿಟ್). ಇವು ದೇಹದಲ್ಲೇ ಉಳಿದುಕೊಳ್ಳುವಂಥವು. ಕೂದಲಿಗೆ ಒಳ್ಳೇದು ಅಂತ ಬಯೋಟಿನ್ ಅನ್ನೋ ಬಿ ವಿಟಮಿನ್ ಸುರಿದದ್ದೂ ಇರುತ್ತದೆ. ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಕೆಲವದರಲ್ಲಿ 5000! ಅಷ್ಟು ತಿಂದರೆ ಥೈರಾಯ್ಡ್ ಪರೀಕ್ಷೆಯ ರಿಪೋರ್ಟೂ ಏರುಪೇರಾಗಬಹುದು, ಹೃದಯಾಘಾತ ಆಗಿದೆಯಾ ಅಂತ ನೋಡುವ ಟ್ರೊಪೋನಿನ್ ಪರೀಕ್ಷೆಯೂ ತಪ್ಪಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಮುಂಚೆ ಗಮ್ಮಿ ತಿನ್ನುತ್ತಿರುವುದನ್ನು ಡಾಕ್ಟರಿಗೆ ಹೇಳಿಬಿಡಿ.

ನಾನೀಗ ಡಾಕ್ಟರ್ ಬರೆದುಕೊಟ್ಟ ಐರನ್ ಸಿರಪ್ ಕುಡಿಯುತ್ತಿದ್ದೇನೆ. ರುಚಿ ಕೆಟ್ಟದಾಗಿದೆ, ನಿಮ್ಮ ಪುರವಣಿಯವರು ಅರ್ಧ ನಕ್ಷತ್ರವನ್ನೂ ಕೊಡಲಿಕ್ಕಿಲ್ಲ. ಮುಂದಿನ ಸಲ ಗಮ್ಮಿಗಳನ್ನು ಹೋಲಿಸುವಾಗ ಬಾಟ್ಲಿಯ ಹಿಂಬದಿಯ ಫೋಟೋವನ್ನೂ ಹಾಕಿ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿ.

ಇಂತಿ,
ನಿಮ್ಮ ಹಳೇ ಓದುಗಿ