ಮುಗ್ಗಲನ್ನು ಮುಗ್ಗಲು ಎಂದೇ ಕರೆಯೋಣ

ಮಾನ್ಯ ಸಂಪಾದಕರೇ,

ಕೆಟ್ಟ ವಾಸನೆಗಳಿಗೆ ಕನ್ನಡದಲ್ಲಿರುವ ಬೇರೆ ಬೇರೆ ಹೆಸರುಗಳು ನಮ್ಮ ಮಕ್ಕಳ ಬಾಯಿಂದ ಮರೆಯಾಗುತ್ತಿವೆ. ಶಿರಸಿಯ ಮಳೆಯಲ್ಲಿ ಒಣಗದ ಬಟ್ಟೆಗೂ, ನಿನ್ನೆಯ ಸಾರಿಗೂ, ಹಳೆಯ ಕೊಬ್ಬರಿಗೂ ‘ಸ್ಮೆಲ್’ ಎಂಬ ಒಂದೇ ಮಾತಾದರೆ ಹೇಗೆ? ಬಟ್ಟೆಯದು ಮುಗ್ಗಲು, ಕೊಬ್ಬರಿಯದು ಕಮಟು. ಸಾರು ಹಳಸಿದೆ. ‘ಹಳಸು’ ಹುಟ್ಟಿದ್ದು ‘ಹಳೆ’ಯ ಬೇರಿನಿಂದಲೇ, ಹಳಗನ್ನಡದಲ್ಲಿ ಅದು ‘ಪೞಸು’. ‘ನಾತ’ದ ಕಥೆ ಇನ್ನೂ ಚೆಂದ. ಅದರ ನಂಟಿನ ತಮಿಳು ಪದ ‘ನಾಟ್ರಂ’ ಹಿಂದೆ ಹೂವಿನ ಪರಿಮಳಕ್ಕೂ ಸಲ್ಲುತ್ತಿತ್ತು. ಈಗ ಅಲ್ಲೂ ಅದು ದುರ್ನಾತವೇ.

ಈ ಮಳೆಗಾಲ ಮುಗಿಯುವುದರೊಳಗೆ ಜಿಲ್ಲೆಯ ಶಾಲಾ ಮಕ್ಕಳು ಅಜ್ಜಿಯರಿಂದ ಇಂಥ ಪದಗಳನ್ನು ಕೇಳಿ ಬರೆದು ತರಲಿ. ತಾವು ವಾರಕ್ಕೊಂದನ್ನು ಅರ್ಥದೊಂದಿಗೆ ಪ್ರಕಟಿಸಬಹುದು, ಅಲ್ವಾ?

– ಓದುಗರೊಬ್ಬರು, ಶಿರಸಿ