ಕೋಡಿಬಾಗದ ದಂಡೆಗೆ ಬುಟ್ಟಿ ಬೇಡ, ಮಗಳೇ

ಕಾರವಾರ

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ಡಿಸೆಂಬರಿಗೆ ಬಂದಾಗ ಕೋಡಿಬಾಗದ ಹೊಳೆದಂಡೆಯಲ್ಲಿ ಸಿಮೆಂಟ್ ಹಾಕಿ, ಎಸೆದ ಡಿಸ್ಕ್ ಹಿಡಿಯುವ ಸರಪಳಿ ಬುಟ್ಟಿ ನಿಲ್ಲಿಸೋಣ, ಆಗ ನಮ್ಮದೂ ಸರಿಯಾದ ಡಿಸ್ಕ್ ಗಾಲ್ಫ್ ಕೋರ್ಸ್ ಆಗುತ್ತದೆ ಅಂತ ಬರೆದಿದ್ದೀಯ. ಬೇಡ ಮಗಳೇ. ಅದು ಈಗಲೇ ಸರಿಯಾಗಿದೆ.

ನೀನು ಗಾಳಿಮರಗಳಿಗೆ ಸುಣ್ಣದ ಪಟ್ಟೆ ಬಳಿದು ಒಂಬತ್ತು ಗುರಿ ಮಾಡಿ ಹೋದೆ. ಮಳೆಗಾಲ ಮುಗಿದ ಕೂಡಲೇ ನಾನೇ ನಿಂತು ಮತ್ತೆ ಸುಣ್ಣ ಹಚ್ಚಿಸಿದೆ. ಎಸೆದ ಡಿಸ್ಕ್, ಅಂದರೆ ಆ ಪ್ಲಾಸ್ಟಿಕ್ ತಟ್ಟೆ, ಪಟ್ಟೆಗೆ ತಾಗಿದರೆ ಆಯ್ತು, ಇಲ್ಲದಿದ್ದರೆ ಬಿದ್ದಲ್ಲಿಂದಲೇ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಇಷ್ಟಕ್ಕೆ ಬುಟ್ಟಿ ಯಾಕೆ? 1975ರಲ್ಲಿ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಗುರಿಗೆ ಇದ್ದದ್ದು ಬರೀ ಕಂಬಗಳು ಅಂತ ನೀನೇ ಹೇಳಿದ್ದೆ ಅಲ್ವಾ? ಸರಪಳಿ ಬುಟ್ಟಿ ಬಂದದ್ದು ಆಮೇಲೆ.

ನನಗೆ ಮೂರನೆಯ ಗುರಿ ಎಲ್ಲಕ್ಕಿಂತ ಇಷ್ಟ. ಸಮುದ್ರದ ಕಡೆ ಮುಖ, ಬಲಕ್ಕೆ ಕಾಳಿ ಹೊಳೆ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬೆನ್ನಿಗೆ ಬರುತ್ತದೆ. ಆಗ ಡಿಸ್ಕ್ ಬೇಗ ಇಳಿದು ಎಡಕ್ಕೆ ವಾಲುತ್ತದೆ. ಮರಳ ಮೇಲೆ ಬೀಳುತ್ತದೆ, ಚಿಂತೆಯಿಲ್ಲ. ಮಧ್ಯಾಹ್ನ ಕಳೆಯಿತೋ, ಸಮುದ್ರದ ಗಾಳಿ ಎದುರಿಗೆ. ಅದೇ ಕೈ, ಅದೇ ಡಿಸ್ಕ್, ಆದರೆ ಮೇಲೆದ್ದು ಬಲಕ್ಕೆ ಹೊರಳುತ್ತದೆ, ಸೀದಾ ಹೊಳೆಗೆ. ಜೋರಾಗಿ ಎಸೆದಷ್ಟೂ ಜಾಸ್ತಿ ಹೊರಳುತ್ತದೆ. ಅದಕ್ಕೇ ಸಂಜೆ ನಾನು 175 ಗ್ರಾಮಿನ ಭಾರದ್ದನ್ನೇ ತೆಗೆದುಕೊಳ್ಳುತ್ತೇನೆ. ಎಡ ಅಂಚು ತುಸು ಕೆಳಗೆ ಬಾಗಿಸಿ, ಎದೆಗಿಂತ ತಗ್ಗಿನಲ್ಲಿ, ನಿಧಾನಕ್ಕೆ ಬಿಡುತ್ತೇನೆ. ಅದು ನೀರಿನ ಅಂಚಿನ ತನಕ ಹೋಗಿ, ವೇಗ ತಗ್ಗಿದ ಮೇಲೆ ಎಡಕ್ಕೆ ಬಂದು ಪಟ್ಟೆಗೆ ಟಪ್ ಅಂತ ಬಡಿದರೆ ಬಲೆ ಸರಿಮಾಡುತ್ತಾ ಕೂತವರೂ ತಲೆ ಎತ್ತುತ್ತಾರೆ. ಬೆಳಿಗ್ಗೆ ಒಂದು ಆಟ, ಸಂಜೆ ಇನ್ನೊಂದು. ಯಾವ ಪೇಟೆಯ ಪಾರ್ಕಿನಲ್ಲಿ ಇದು ಸಿಗುತ್ತದೆ ಹೇಳು.

ಏಳನೆಯದಕ್ಕೆ ಹಳೇ ಸೇತುವೆಯ ಕಂಬ ನೋಡಿ ದಿಕ್ಕು ಹಿಡಿಯುತ್ತಿದ್ದೆವಲ್ಲ. 2024ರ ಆಗಸ್ಟಿನಲ್ಲಿ ಅದು ಕುಸಿದ ಮೇಲೆ ಸದಾಶಿವಗಡದ ಗುಡ್ಡವೇ ನಮಗೆ ಗುರುತು.

ಇನ್ನು ಬುಟ್ಟಿಯ ಮಾತು. ಉಪ್ಪುಗಾಳಿಗೆ ನಮ್ಮನೆ ಕಿಟಕಿ ಸರಳುಗಳ ಗತಿ ಏನಾಗಿದೆ ಅಂತ ನಿನಗೆ ಗೊತ್ತು. ಸರಪಳಿ ಎಷ್ಟು ದಿನ ತಾಳೀತು? ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟ್ ತೆಗೆದರೆ ಹೊಳೆ ದಂಡೆಯ ಮೇಲೇ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು, ಆ ಜಾಗ ನಮ್ಮೊಬ್ಬರದ್ದಲ್ಲ. ಬಲೆ ಒಣಗಿಸುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ನಾವು ಆಡಿ ಎದ್ದು ಬಂದರೆ ಅಲ್ಲಿ ನಮ್ಮದು ಏನೂ ಉಳಿಯುವುದಿಲ್ಲ, ಅದಕ್ಕೇ ಯಾರೂ ಬೇಡ ಅನ್ನುವುದಿಲ್ಲ. ಸಿಮೆಂಟ್ ಬಿದ್ದ ದಿನವೇ ಜಗಳ ಶುರು. ಮೊನ್ನೆ ನೀನು ಕೊಟ್ಟ ನೀಲಿ ಡಿಸ್ಕ್ ಹೊಳೆಗೆ ಬಿದ್ದು ಮುಳುಗಿತು. ಮಾರನೇ ದಿನ ಇಳಿತದಲ್ಲಿ ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಕೆಸರಿಂದ ಎತ್ತಿ, ತೊಳೆದು, ‘ಅಕ್ಕಾ, ನಿಮ್ಮ ತಟ್ಟೆ’ ಅಂತ ಮನೆ ಬಾಗಿಲಿಗೇ ತಂದುಕೊಟ್ಟರು. ಆ ವಿಶ್ವಾಸ ಹಾಗೇ ಇರಲಿ.

ಬುಟ್ಟಿಯ ದುಡ್ಡಲ್ಲಿ ನೀರಿನ ಮೇಲೆ ತೇಲುವ ಡಿಸ್ಕ್ ತಾ. ಎರಡು ಸಾಕು. ಕೆಂಪು ಬಣ್ಣದ್ದೇ ನೋಡು, ಹಳದಿ ಮರಳಲ್ಲಿ ಕಾಣುವುದಿಲ್ಲ. ಅಪ್ಪನಿಗೂ ಹಗುರದ್ದೊಂದು ಬೇಕು. ಭುಜ ನೋವು ಅನ್ನುತ್ತಾರೆ, ಆದರೂ ಈ ಸಲ ನಿನ್ನ ಜೊತೆ ಆಡಿಯೇ ಆಡುತ್ತಾರಂತೆ.

ನಿನ್ನ ಆಯಿ